ಫ್ಲೈಟಲ್ಲಿ ಮೊದಲು ಹತ್ತೋಕೆ 450 ರೂಪಾಯಿ: ನಾಲ್ಕು ಸಲ ಕಟ್ಟಿ ನೋಡಿದ ಮೇಲೆ

ಡಿಸೆಂಬರಿಂದ ಇಲ್ಲೀವರೆಗೆ ನಾಲ್ಕು ಫ್ಲೈಟಲ್ಲಿ ಪ್ರಯಾರಿಟಿ ಬೋರ್ಡಿಂಗ್‌ಗೆ ಅಂತ ಬೇರೆ ದುಡ್ಡು ಕಟ್ಟಿದೀನಿ. ಒಬ್ಬರಿಗೆ 450 ರೂಪಾಯಿ. ಎರಡು ಫ್ಲೈಟಲ್ಲಿ ಅಕ್ಕನೂ ಜೊತೆಗಿದ್ಲು, ಹಂಗಾಗಿ ಒಟ್ಟು 2,700 ಆಯ್ತು. ಟಿಕೆಟ್ ಬುಕ್ ಮಾಡುವಾಗ ಸೀಟು, ಊಟ, ಇನ್ಶೂರೆನ್ಸ್ ಎಲ್ಲದರ ಜೊತೆ ಇದೂ ಒಂದು ಬಾಕ್ಸ್ ಬರತ್ತಲ್ಲ, ಟಿಕ್ ಮಾಡಿದ್ರೆ ಕ್ಯೂ ಇಲ್ಲದೆ ಮೊದಲು ಹತ್ತಬಹುದು ಅಂತ, ಅದೇ. ಆಫೀಸಲ್ಲೂ ಮನೇಲೂ ಸುಮಾರು ಜನ ಕೇಳಿದ್ರು, ಅದನ್ನ ತಗೋಬೇಕಾ ಬೇಡ್ವಾ ಅಂತ. ಬಾಯಲ್ಲಿ ಹೇಳಿದ್ರೆ ಅರ್ಧ ಮರೆತುಹೋಗತ್ತೆ, ಅದಕ್ಕೆ ಬರೀತಿದೀನಿ. ಏರ್‌ಲೈನ್ ಹೆಸರು ಹಾಕಲ್ಲ, ಯಾಕಂದ್ರೆ ನಾನು ಹೇಳೋ ತೊಂದರೆ ಒಂದು ಕಂಪನೀದಲ್ಲ, ಈ ಸರ್ವೀಸ್ ಮಾರೋ ರೀತೀದು.

ಮೊದಲು ನಾನ್ಯಾಕೆ ತಗೊಂಡೆ ಅಂತ ಹೇಳ್ಬೇಕು. ನಮ್ಮಕ್ಕ ಪಿಟೀಲು ನುಡಿಸ್ತಾಳೆ. ಕರ್ನಾಟಕ ಸಂಗೀತ, ಪಕ್ಕವಾದ್ಯ, ವರ್ಷಕ್ಕೆ ಏಳೆಂಟು ಸಲ ಹೊರರಾಜ್ಯದಲ್ಲಿ ಕಛೇರಿ ಇರತ್ತೆ. ಪಿಟೀಲಿನ ಕೇಸು ಸುಮಾರು 80 ಸೆಂಟಿಮೀಟರ್ ಉದ್ದ. ನಮ್ಮ ಕಡೆ ಡೊಮೆಸ್ಟಿಕ್ ಫ್ಲೈಟಲ್ಲಿ ಹ್ಯಾಂಡ್ ಬ್ಯಾಗಿಗೆ ಸಾಮಾನ್ಯವಾಗಿ ಹೇಳೋ ಅಳತೆ 55, 35, 25 ಸೆಂಟಿಮೀಟರು, ತೂಕ 7 ಕೆಜಿ. ಅಂದ್ರೆ ತೂಕದಲ್ಲಿ ಪಿಟೀಲು ಆರಾಮಾಗಿ ಪಾಸು, ಉದ್ದದಲ್ಲಿ ಇಲ್ಲ. ಮೊದಲೇ ಫೋನ್ ಮಾಡಿ ಹೇಳಿದ್ರೆ ಒಪ್ಕೋತಾರೆ, ಆದ್ರೆ ಒಪ್ಕೊಂಡ ಮೇಲೂ ಸೀಟಿನ ಮೇಲೆ ಬ್ಯಾಗಿಡೋ ಬಿನ್ನಲ್ಲಿ ಜಾಗ ಇದ್ರೆ ತಾನೆ. ಕೊನೇಲಿ ಹತ್ತಿದ್ರೆ ಟ್ರಾಲಿ ಬ್ಯಾಗುಗಳೆಲ್ಲ ತುಂಬಿರತ್ವೆ, ಆಗ ಕ್ರ್ಯೂ ಬಂದು "ಮೇಡಂ ಇದನ್ನ ಕೆಳಗೆ ಹಾಕಿಸ್ಲಾ" ಅಂತ ಕೇಳ್ತಾರೆ. ಕೆಳಗೆ ಅಂದ್ರೆ ಕಾರ್ಗೋ. ಎರಡು ವರ್ಷದ ಹಿಂದೆ ಒಂದ್ಸಲ ಹಂಗೇ ಆಗಿ, ಇಳಿದ ಮೇಲೆ ಬೆಲ್ಟ್ ಮೇಲಿಂದ ಕೇಸ್ ತಗೊಂಡು ತೆಗೆದು ನೋಡಿದ್ರೆ ತಂತಿಗಳನ್ನ ಎತ್ತಿ ಹಿಡಿಯೋ ಕುದುರೆ ಬಿದ್ದುಹೋಗಿತ್ತು, ಪಿಟೀಲಿನ ಒಳಗಿನ ಮರದ ಕಂಬ ಅಲ್ಲಾಡಿತ್ತು. ಅವತ್ತು ಸಂಜೆ ಕಛೇರಿಗೆ ಅಲ್ಲಿನವರೊಬ್ಬರ ಹತ್ರ ಬೇರೆ ಪಿಟೀಲು ಇಸ್ಕೊಂಡು ನುಡಿಸಿದ್ಲು. ಇಪ್ಪತ್ತು ವರ್ಷದಿಂದ ಕೈಗೆ ಹೊಂದಿಕೊಂಡಿರೋ ವಾದ್ಯ ಬಿಟ್ಟು ಇನ್ನೊಬ್ಬರ ವಾದ್ಯದಲ್ಲಿ ಎರಡೂವರೆ ಗಂಟೆ ಕೂರೋದು ಎಷ್ಟು ಕಷ್ಟ ಅಂತ ನಂಗೆ ಅವತ್ತೇ ಅರ್ಥ ಆಗಿದ್ದು. ಆಮೇಲಿಂದ ಇದರ ವಿಷಯದಲ್ಲಿ ನಾನು ಹುಷಾರು.

ಮೊದಲನೇ ಸಲ ಡಿಸೆಂಬರಲ್ಲಿ, ಬೆಂಗಳೂರಿಂದ ದೆಹಲಿ, ಬೆಳಗ್ಗೆ ಆರೂಕಾಲಿನ ಫ್ಲೈಟು. ರಾತ್ರಿ ಎರಡೂವರೆಗೆ ಮನೆ ಬಿಟ್ಟು ಮೆಜೆಸ್ಟಿಕ್ಕಲ್ಲಿ ಏರ್‌ಪೋರ್ಟಿಗೆ ಹೋಗೋ ಕೆಐಎ-9 ವಾಯುವಜ್ರ ಬಸ್ ಹಿಡಿದು ಹೋದ್ವಿ. ಸೆಕ್ಯುರಿಟಿ ಎಲ್ಲ ಮುಗಿಸಿ ಗೇಟಿಗೆ ಬಂದ್ರೆ ಎಸ್ಕಲೇಟರ್ ಇಳಿದು ಕೆಳಗಿನ ಮಹಡೀಲಿರೋ ಗೇಟು. ನೀವು ರೆಗ್ಯುಲರ್ ಆಗಿ ಓಡಾಡೋರಾದ್ರೆ ನಿಮಗೆ ಆಗ್ಲೇ ಗೊತ್ತಾಗಿರತ್ತೆ, ಕೆಳಗಿನ ಗೇಟು ಅಂದ್ರೆ ಬಸ್ಸು. ವಿಮಾನ ಟರ್ಮಿನಲ್‌ಗೆ ಅಂಟಿಕೊಂಡು ನಿಂತಿಲ್ಲ, ದೂರ ಎಲ್ಲೋ ನಿಂತಿದೆ, ಬಸ್ಸಲ್ಲಿ ಕರ್ಕೊಂಡು ಹೋಗ್ತಾರೆ. ಪ್ರಯಾರಿಟಿಯವರು ಬನ್ನಿ ಅಂತ ಮೊದಲು ಕರೆದ್ರು, ಏಳೆಂಟು ಜನ ಹೋದ್ವಿ, ಬೋರ್ಡಿಂಗ್ ಪಾಸ್ ಸ್ಕ್ಯಾನ್ ಮಾಡಿದ್ರು, ಬಸ್ ಹತ್ತಿದ್ವಿ, ಸೀಟು ಸಿಕ್ತು, ಒಳಗಡೆ ಆ ಕಡೆ ಕಿಟಕಿ ಹತ್ರ ಕೂತ್ವಿ. ಆಮೇಲೆ ಬಸ್ಸು ತುಂಬೋವರೆಗೆ ಹತ್ತು ನಿಮಿಷ ಅಲ್ಲೇ. ಮಿಕ್ಕವರೆಲ್ಲ ಹಿಂದಿಂದ ಬಂದು ಬಾಗಿಲ ಹತ್ರ ನಿಂತ್ರು. ವಿಮಾನದ ಹತ್ರ ಬಸ್ ನಿಂತಾಗ ಬಾಗಿಲು ತೆಗೆದ್ರೆ ಮೊದಲು ಇಳಿಯೋದು ಯಾರು? ಕೊನೇಲಿ ಹತ್ತಿದವರು. ನಾವು ಇಳಿಯೋ ಹೊತ್ತಿಗೆ ಎರಡೂ ಮೆಟ್ಟಿಲಿಗೂ ಉದ್ದ ಕ್ಯೂ ಆಗಿತ್ತು. ಅಕ್ಕ ಕೇಸನ್ನ ಎದೆಗೆ ಒತ್ತಿಕೊಂಡು ನಿಂತಿದ್ಲು. ಒಳಗೆ ಹೋದ್ರೆ ನಮ್ಮ ರೋ ಮೇಲಿನ ಬಿನ್ ಅರ್ಧ ತುಂಬಿದೆ. ಪುಣ್ಯಕ್ಕೆ ಎರಡು ರೋ ಹಿಂದೆ ಒಬ್ಬರು ವಯಸ್ಸಾದವರು ತಮ್ಮ ಬ್ಯಾಗು ಕೆಳಗೆ ಇಟ್ಕೊಂಡು ಜಾಗ ಮಾಡಿಕೊಟ್ರು, "ವಾದ್ಯ ಅಲ್ವೇನಮ್ಮಾ, ಇಡಿ ಇಡಿ" ಅಂದ್ರು. 900 ರೂಪಾಯಿ ಕೊಟ್ಟು ಸಿಗದೇ ಇದ್ದಿದ್ದು ಅವರ ದೊಡ್ಡ ಮನಸ್ಸಿಂದ ಸಿಕ್ತು.

ಈ ಬಸ್ಸಿನ ವಿಷಯ ಪೂರ್ತಿ ಹೇಳ್ಬಿಡ್ತೀನಿ ಯಾಕಂದ್ರೆ ಇಡೀ ಪ್ರಶ್ನೆ ನಿಂತಿರೋದೇ ಇದರ ಮೇಲೆ. ಏರೋಬ್ರಿಡ್ಜ್ ಅಂದ್ರೆ ಟರ್ಮಿನಲಿಂದ ನೇರ ವಿಮಾನದ ಬಾಗಿಲಿಗೆ ಸೇರಿಸೋ ಸುರಂಗದ ಥರದ ದಾರಿ, ಅದರಲ್ಲಿ ಮೊದಲು ಹೋದವನು ಮೊದಲೇ ಒಳಗೆ ಹೋಗ್ತಾನೆ, ಅದು ನೇರ ದಾರಿ. ಬಸ್ಸು ಬಂದ್ರೆ ಆ ಕ್ರಮ ತಲೆಕೆಳಗಾಗತ್ತೆ, ಮೊದಲನೇ ಬಸ್ಸಿನ ಒಳಗೆ ಎಲ್ಲರೂ ಒಂದೇ. ಒಂದು ಏ320 ವಿಮಾನದಲ್ಲಿ 180, 186 ಸೀಟ್ ಇರತ್ತೆ, ಅದಕ್ಕೆ ಎರಡು ಮೂರು ಬಸ್ಸು ಬೇಕು. ಮೊದಲನೇ ಬಸ್ಸು ಸಿಕ್ಕಿದ್ದೇ ನಿಮಗೆ ಬಂದ ಲಾಭ, ಅದು ಪ್ರಯಾರಿಟಿ ಇಲ್ಲದೆ ಕ್ಯೂನಲ್ಲಿ ಸ್ವಲ್ಪ ಮುಂದೆ ನಿಂತವರಿಗೂ ಸಿಗತ್ತೆ. ಬಸ್ಸೇ ಆಗತ್ತೆ ಅಂತ ಗೊತ್ತಾದ್ರೆ ಸೀಟು ಬಿಟ್ಟು ಬಾಗಿಲ ಹತ್ರ ಕಂಬಿ ಹಿಡ್ಕೊಂಡು ನಿಲ್ಲಿ, ಅದು 450 ರೂಪಾಯಿಗಿಂತ ಜಾಸ್ತಿ ಕೆಲಸ ಮಾಡತ್ತೆ. ಆದ್ರೆ ಯಾವ ಬದಿ ಬಾಗಿಲು ತೆಗೀತಾರೆ ಅನ್ನೋದು ಅಲ್ಲಿ ಹೋಗಿ ನಿಂತ ಮೇಲೇ ಗೊತ್ತಾಗೋದು.

ನಂಗೆ ನಿಜವಾಗ್ಲೂ ಬೇಜಾರಾಗೋದು ಎಲ್ಲಿ ಅಂದ್ರೆ, ದುಡ್ಡು ತಗೊಳ್ಳುವಾಗ ಇದು ಏರೋಬ್ರಿಡ್ಜೋ ಬಸ್ಸೋ ಅಂತ ಯಾರೂ ಹೇಳಲ್ಲ. ಬುಕಿಂಗ್ ದಿನ ಅವರಿಗೂ ಗೊತ್ತಿರಲ್ಲ ಅನ್ನೋದು ಸರಿ, ಗೇಟು, ವಿಮಾನ ನಿಲ್ಲೋ ಜಾಗ ಇವೆಲ್ಲ ಆವತ್ತಿನ ದಿನ ತೀರ್ಮಾನ ಆಗೋದು, ಕೊನೇ ಗಂಟೇಲಿ ಬದಲಾಗೋದೂ ಉಂಟು. ಹಂಗಿದ್ರೆ ಬಸ್ ಬಂದ ದಿನ ದುಡ್ಡು ವಾಪಸ್ ಕೊಡಿ. ಸೀಟಿಗೆ ದುಡ್ಡು ಕೊಟ್ಟು ಆ ಸೀಟು ಸಿಗದೇ ಇದ್ರೆ ವಾಪಸ್ ಕೇಳ್ತೀವಿ, ಊಟ ಕೊಡದೇ ಇದ್ರೆ ಕೇಳ್ತೀವಿ, ಇದಕ್ಕೆ ಮಾತ್ರ ಯಾಕಿಲ್ಲ? ನಾನು ದೆಹಲಿಯಿಂದ ಬಂದ ಮೇಲೆ ಕಸ್ಟಮರ್ ಕೇರಿಗೆ ಮೇಲ್ ಹಾಕಿ ಕೇಳಿದೆ. ಗೇಟಲ್ಲಿ ನಿಮ್ಮನ್ನ ಮೊದಲು ಕರೆದಿದೀವಿ, ಸರ್ವೀಸ್ ಕೊಟ್ಟಾಯ್ತು ಅಂತ ಉತ್ತರ ಬಂತು. ಅವರ ಲೆಕ್ಕದಲ್ಲಿ ಬೋರ್ಡಿಂಗ್ ಅಂದ್ರೆ ಗೇಟಲ್ಲಿ ಪಾಸು ಸ್ಕ್ಯಾನ್ ಆಗೋದು. ನಮಗೆ ಬೋರ್ಡಿಂಗ್ ಅಂದ್ರೆ ವಿಮಾನದೊಳಗೆ ಕಾಲಿಡೋದು. ಈ ವ್ಯತ್ಯಾಸಕ್ಕೇ ನಾವು ದುಡ್ಡು ಕಟ್ತಿರೋದು.

ಎರಡನೇದು ಅದೇ ಟ್ರಿಪ್ಪಿನ ವಾಪಸ್ ಫ್ಲೈಟು, ದೆಹಲಿಯಿಂದ ಬೆಂಗಳೂರಿಗೆ. ಅವತ್ತು ಏರೋಬ್ರಿಡ್ಜ್. ಮೊದಲು ಕರೆದ್ರು, ಮೊದಲು ಒಳಗೆ ಹೋದ್ವಿ, ಇಡೀ ವಿಮಾನ ಖಾಲಿ. ಅಕ್ಕ ನಿಧಾನಕ್ಕೆ ಬಿನ್ನಲ್ಲಿ ಪಿಟೀಲು ಉದ್ದಕ್ಕೆ ಮಲಗಿಸಿ, ಪಕ್ಕದಲ್ಲಿ ತನ್ನ ಶಾಲು ಮಡಚಿ ಇಟ್ಟು, ಅದರ ಮುಂದೆ ನನ್ನ ಲ್ಯಾಪ್‌ಟಾಪ್ ಬ್ಯಾಗು ಇಟ್ಟು, ಬೇರೆಯವರು ಟ್ರಾಲಿ ನೂಕಿದ್ರೂ ನೇರ ಕೇಸಿಗೆ ತಾಗದ ಹಂಗೆ ಮಾಡಿದ್ಲು. ಮೂರು ನಿಮಿಷದ ಕೆಲಸ, ಆದ್ರೆ ಹಿಂದೆ ಜನ ನಿಂತು ಸಾರ್ ಸಾರ್ ಸ್ವಲ್ಪ ಜಾಗ ಅಂತಿದ್ರೆ ಅದನ್ನ ಮಾಡಕ್ಕೇ ಆಗಲ್ಲ. ಈ ಒಂದು ಸಲ 450 ಏನು, 800 ಕೇಳಿದ್ರೂ ಕೊಡ್ತಿದ್ದೆ. ಆದ್ರೆ ಅವತ್ತು ಮಂಜು. ಡಿಸೆಂಬರ್ ಕೊನೇಲಿ ದೆಹಲಿ ಬೆಳಗು ಹೇಗಿರತ್ತೆ ಅಂತ ಗೊತ್ತಲ್ಲ, ಕಿಟಕಿಯಿಂದ ರೆಕ್ಕೆ ತುದಿ ಕಾಣ್ತಿರಲಿಲ್ಲ. ಎಲ್ಲರೂ ಹತ್ತಿ ಬಾಗಿಲು ಹಾಕಿದ ಮೇಲೆ ಒಂದು ಗಂಟೆ ಹತ್ತು ನಿಮಿಷ ಅಲ್ಲೇ ಕೂತಿದ್ವಿ. ಮೊದಲು ಹತ್ತಿದವರು ಎಲ್ಲರಿಗಿಂತ ಅರ್ಧ ಗಂಟೆ ಜಾಸ್ತಿ ಕೂತಿರ್ತಾರೆ, ಇದನ್ನೂ ಲೆಕ್ಕಕ್ಕೆ ತಗೋಬೇಕು. ಕಾಲು ಚಾಚಕ್ಕಾಗದ ಸೀಟಲ್ಲಿ ಅರ್ಧ ಗಂಟೆ ಜಾಸ್ತಿ ಕೂರೋಕೆ ದುಡ್ಡು ಕೊಡೋದು ಸೊಂಟ ನೋವು ಇರೋರಿಗೆ ಒಳ್ಳೇದಲ್ಲ.

ಮೂರನೇದು ಹುಬ್ಬಳ್ಳಿ. ಸೋದರತ್ತೆ ಮಗಳ ಮದುವೆ, ನಾನೊಬ್ಬನೇ ಹೋಗಿದ್ದು. ಇದಕ್ಕೆ ಕೊಟ್ಟ 450 ಪೂರ್ತಿ ದಂಡ. ಎಟಿಆರ್ ವಿಮಾನ, ಅದೇ ರೆಕ್ಕೆ ಮೇಲೆ ಫ್ಯಾನ್ ತಿರುಗತ್ತಲ್ಲ ಅದು, 78 ಸೀಟು, ಆ ಕಡೆ ಎರಡು ಈ ಕಡೆ ಎರಡು. ಹತ್ತೋದು ಹಿಂದಿನ ಬಾಗಿಲಿಂದ. ಮೇಲಿನ ಬಿನ್ ಎಷ್ಟು ಚಿಕ್ಕದು ಅಂದ್ರೆ ಮಾಮೂಲಿ ಟ್ರಾಲಿ ಬ್ಯಾಗು ಹೋಗೋದೇ ಇಲ್ಲ, ವಿಮಾನದ ಹತ್ರಾನೇ ಟ್ಯಾಗ್ ಹಾಕಿ ಇಸ್ಕೊಂಡು ಕೆಳಗೆ ಹಾಕ್ತಾರೆ, ಮೊದಲು ಹತ್ತಿದ್ರೂ ಅಷ್ಟೇ ಕೊನೇಲಿ ಹತ್ತಿದ್ರೂ ಅಷ್ಟೇ. ಸೀಟ್ ನಂಬರ್ ಮೊದಲೇ ಫಿಕ್ಸು. ಬಸ್ಸಲ್ಲಿ ಹೋಗಿದ್ದು. ಇನ್ನೇನಕ್ಕೆ ಪ್ರಯಾರಿಟಿ? ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಶಿವಮೊಗ್ಗ ಕಡೆಗೆಲ್ಲ ಎಟಿಆರ್ ಓಡ್ತಿರತ್ತೆ, ಬುಕ್ ಮಾಡುವಾಗ ವಿಮಾನದ ಮಾಡೆಲ್ ಸಣ್ಣಕ್ಷರದಲ್ಲಿ ತೋರಿಸಿರ್ತಾರೆ, ಎಟಿಆರ್ ಅಂತಿದ್ರೆ ಆ ಬಾಕ್ಸ್ ಮುಟ್ಟಲೇಬೇಡಿ. ಮಾರೋರೂ ಎಟಿಆರ್ ಫ್ಲೈಟಲ್ಲಿ ಆ ಆಪ್ಷನ್ ತೋರಿಸಬಾರದು ಅಂತ ನನ್ನ ಅಭಿಪ್ರಾಯ. ಅಂದಹಾಗೆ ಅಕ್ಕ ಹುಬ್ಬಳ್ಳಿ ಧಾರವಾಡ ಕಡೆ ಕಛೇರಿ ಇದ್ರೆ ಟ್ರೈನಲ್ಲೇ ಹೋಗ್ತಾಳೆ, 2023ರ ಜೂನಲ್ಲಿ ಧಾರವಾಡಕ್ಕೆ ವಂದೇ ಭಾರತ್ ಶುರುವಾದ ಮೇಲಂತೂ ಬೇರೆ ಯೋಚನೇನೇ ಇಲ್ಲ, ಪಿಟೀಲು ಕಣ್ಣೆದುರಿಗೇ ಇರತ್ತೆ.

ನಾಲ್ಕನೇದು ಆಫೀಸ್ ಕೆಲಸಕ್ಕೆ ಮುಂಬೈ. ಏರೋಬ್ರಿಡ್ಜ್, ಮೊದಲು ಹತ್ತಿದೆ, ಬ್ಯಾಗ್ ಇಟ್ಟೆ, ಕೂತೆ. ಎಲ್ಲ ಹೇಳಿದ ಹಾಗೇ ಆಯ್ತು. ಆದ್ರೆ ನನ್ನ ಹತ್ರ ಇದ್ದಿದ್ದು ಒಂದು ಬೆನ್ನಿಗೆ ಹಾಕೋ ಬ್ಯಾಗು, ಅದು ಮುಂದಿನ ಸೀಟಿನ ಕೆಳಗೇ ಹೋಗ್ತಿತ್ತು. ಅಂದ್ರೆ ಸರ್ವೀಸ್ ಚೆನ್ನಾಗೇ ಕೊಟ್ರು, ನಂಗೆ ಅದರ ಅಗತ್ಯ ಇರಲಿಲ್ಲ.

ಈ ಬಿನ್ ತುಂಬೋ ಸಮಸ್ಯೆ ಹಿಂದೆ ಇಷ್ಟಿರಲಿಲ್ಲ. 2021ರ ಫೆಬ್ರವರೀಲಿ ವಿಮಾನಯಾನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ ಡಿಜಿಸಿಎ, ಚೆಕ್‌ಇನ್ ಬ್ಯಾಗ್ ಇಲ್ಲದೆ ಬರೋರಿಗೆ ಟಿಕೆಟಲ್ಲಿ ರಿಯಾಯ್ತಿ ಕೊಡಬಹುದು ಅಂತ ಏರ್‌ಲೈನ್‌ಗಳಿಗೆ ಅನುಮತಿ ಕೊಡ್ತು. ಅದು ಜನಕ್ಕೆ ಒಳ್ಳೇದೇ, ಆದ್ರೆ ಕೆಳಗೆ ಹಾಕೋ ಬ್ಯಾಗು ಮೇಲೆ ಬರೋಕೆ ಅದೂ ಒಂದು ಕಾರಣ. ಜೊತೆಗೆ ಬೆಲ್ಟ್ ಹತ್ರ ಅರ್ಧ ಗಂಟೆ ಕಾಯೋದು ಬೇಡ ಅಂತ ಎರಡು ದಿನದ ಟ್ರಿಪ್ಪಿಗೆ ಬರೋರೆಲ್ಲ ಟ್ರಾಲಿ ತರ್ತಾರೆ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ಬೇರೆ, ಅದೂ ಮೇಲೇ ಹೋಗತ್ತೆ. ದಯವಿಟ್ಟು ಒಂದು ಮಾತು, ಬೆನ್ನಿನ ಬ್ಯಾಗು ಸೀಟಿನ ಕೆಳಗೆ ಇಡಿ. 180 ಜನದಲ್ಲಿ ಅರ್ಧ ಜನ ಹಂಗೆ ಮಾಡಿದ್ರೆ ಯಾರೂ ಪ್ರಯಾರಿಟಿ ಕೊಂಡ್ಕೊಳ್ಳೋದೇ ಬೇಕಾಗಲ್ಲ, ಒಂದು ಪಿಟೀಲಿಗೂ ಜಾಗ ಇರತ್ತೆ.

ವಿಮಾನ ಹತ್ತೋದರ ಬಗ್ಗೆ ವಿಜ್ಞಾನಿಗಳು ಕೂತು ಲೆಕ್ಕ ಹಾಕಿದಾರೆ ಗೊತ್ತಾ. ಅಮೆರಿಕದ ಭೌತವಿಜ್ಞಾನಿ ಜೇಸನ್ ಸ್ಟೆಫನ್ ಅಂತ, 2008ರಲ್ಲಿ ಯಾವ ಕ್ರಮದಲ್ಲಿ ಹತ್ತಿಸಿದ್ರೆ ಬೇಗ ಆಗತ್ತೆ ಅಂತ ಲೆಕ್ಕ ಮಾಡಿ ಪೇಪರ್ ಬರೆದ್ರು, ಆಮೇಲೆ 12 ಸಾಲಿನ ವಿಮಾನದ ಮಾದರೀಲಿ 72 ಜನರನ್ನ ನಿಜವಾಗ್ಲೂ ಹತ್ತಿಸಿ ನೋಡಿದ್ರು. ಹಿಂದಿನ ಸಾಲಿನ ಗುಂಪು ಮೊದಲು, ಆಮೇಲೆ ಬೇರೆ ಗುಂಪು, ಹೀಗೆ ಬ್ಲಾಕ್ ಬ್ಲಾಕಾಗಿ ಕರೆಯೋದಿದೆಯಲ್ಲ, ಅದೇ ಎಲ್ಲಕ್ಕಿಂತ ನಿಧಾನ ಆಯ್ತು, ಸುಮಾರು 7 ನಿಮಿಷ. ಯಾವ ಕ್ರಮಾನೂ ಇಲ್ಲದೆ ಸಿಕ್ಕಿದವರು ಸಿಕ್ಕಿದ ಹಾಗೆ ಹತ್ತಿದಾಗ 4 ಮುಕ್ಕಾಲು ನಿಮಿಷ. ಕಿಟಕಿ ಸೀಟವರು ಮೊದಲು, ಒಂದು ಸಾಲು ಬಿಟ್ಟು ಒಂದು ಸಾಲು ಅಂತ ಅವರ ಕ್ರಮದಲ್ಲಿ ಹತ್ತಿಸಿದಾಗ ಮೂರೂವರೆ ನಿಮಿಷದ ಹತ್ರ ಮುಗೀತು. ಕಾರಣ ತುಂಬಾ ಸಿಂಪಲ್, ತಡ ಆಗೋದು ನಡೆಯೋದರಿಂದಲ್ಲ, ಬ್ಯಾಗು ಮೇಲೆ ಎತ್ತಿ ಇಡೋವಾಗ ದಾರಿ ಕಟ್ಟಿಕೊಳ್ಳೋದರಿಂದ. ಅಲ್ಲೂ ವಿಷಯ ಬ್ಯಾಗೇ. ಬ್ಯಾಗು ಇಡೋ ಜಾಗದ ಪ್ರಶ್ನೆ ಇಲ್ಲದಿದ್ರೆ ಮೊದಲು ಹೋದ್ರೇನು ಕೊನೇಲಿ ಹೋದ್ರೇನು, ಎಲ್ಲರೂ ಒಟ್ಟಿಗೇ ಮುಂಬೈ ಮುಟ್ಟೋದು.

ಹೊರದೇಶದಲ್ಲಿ ಇದಕ್ಕೆ ದುಡ್ಡು ಕೊಡೋದಕ್ಕೆ ಬೇರೆ ಅರ್ಥ ಇತ್ತು, ಅಲ್ಲಿಂದ ಬಂದೋರ ಮಾತು ಕೇಳಿ ಇಲ್ಲಿ ಟಿಕ್ ಮಾಡ್ಬೇಡಿ ಅಂತ ಹೇಳ್ತಿದೀನಿ. ನಮ್ಮ ಚಿಕ್ಕಪ್ಪನ ಮಗ ಡಲ್ಲಾಸಲ್ಲಿದಾನೆ, "ತಗೊಳ್ಳೋ, ಚೆನ್ನಾಗಿರತ್ತೆ" ಅಂತ ನಂಗೆ ಮೊದಲು ಹೇಳಿದ್ದೇ ಅವನು. ಅಲ್ಲಿನ ಸೌತ್‌ವೆಸ್ಟ್ ಏರ್‌ಲೈನ್ಸಲ್ಲಿ ಸೀಟ್ ನಂಬರೇ ಇರ್ತಿರಲಿಲ್ಲ, ನಮ್ಮ ಕೆಎಸ್ಆರ್‌ಟಿಸಿ ಸಾಮಾನ್ಯ ಬಸ್ ಥರ, ಮೊದಲು ಹೋದೋರು ಬೇಕಾದ ಕಡೆ ಕೂತ್ಕೋಬಹುದು. ಎ, ಬಿ, ಸಿ ಅಂತ ಗುಂಪು, ಒಂದೊಂದರಲ್ಲಿ 60ರ ತನಕ ನಂಬರು. ಅರ್ಲಿಬರ್ಡ್ ಅಂತ ದುಡ್ಡು ಕಟ್ಟಿದ್ರೆ ಅವರೇ ಬೇಗ ಚೆಕ್‌ಇನ್ ಮಾಡಿ ಒಳ್ಳೇ ನಂಬರ್ ಕೊಡ್ತಿದ್ರು. ಅಂದ್ರೆ ಅಲ್ಲಿ ಅವನು ಕೊಂಡ್ಕೊಳ್ತಿದ್ದಿದ್ದು ನಿಜವಾಗಿ ಕಿಟಕಿ ಸೀಟನ್ನ. ಅದೂ ಈಗಿಲ್ಲ, 2026ರ ಜನವರಿ 27ರಿಂದ ಅಲ್ಲೂ ಸೀಟ್ ನಂಬರ್ ಬಂದಿದೆ. ಯುರೋಪಲ್ಲಿ ರಯಾನ್‌ಏರ್ ಪ್ರಯಾರಿಟಿ ಅಂದ್ರೆ ಜೊತೆಗೆ 10 ಕೆಜಿ ಬ್ಯಾಗು ಒಳಗೆ ತಗೊಂಡು ಹೋಗೋ ಹಕ್ಕು, ಅದಿಲ್ಲದಿದ್ರೆ ಸೀಟಿನ ಕೆಳಗೆ ಹಿಡಿಯೋ ಚಿಕ್ಕ ಬ್ಯಾಗ್ ಮಾತ್ರ. ಅಲ್ಲಿ ಕೊಂಡ್ಕೊಳ್ಳೋದು ಬ್ಯಾಗಿನ ಜಾಗಾನ. ನಾನು ತಗೊಂಡಿದ್ರಲ್ಲಿ ಸೀಟೂ ಬರಲ್ಲ, ಬ್ಯಾಗೂ ಬರಲ್ಲ, ಹೆಸರು ಮೊದಲು ಕರೀತಾರೆ ಅಷ್ಟೇ. ಕೌಂಟರಲ್ಲಿ ಚೆಕ್‌ಇನ್ ಕ್ಯೂ ಬೇರೆ ಇರತ್ತೆ, ಅದು ಒಂದು ಉಪಯೋಗ ಅಂತ ಒಪ್ಕೋತೀನಿ, ಹಬ್ಬದ ಹಿಂದಿನ ದಿನ ಬ್ಯಾಗ್ ಡ್ರಾಪ್ ಕ್ಯೂ ನೋಡಿದೋರಿಗೆ ಅದರ ಬೆಲೆ ಗೊತ್ತು.

ಇನ್ನು ವಯಸ್ಸಾದವರು. ಫೆಬ್ರವರೀಲಿ ಅಪ್ಪ ಅಮ್ಮನ್ನ ಕಾಶಿಗೆ ಕರ್ಕೊಂಡು ಹೋಗಿದ್ದೆ. ಅಮ್ಮಂಗೆ ಮಂಡಿ ನೋವು, ಮೆಟ್ಟಿಲು ಹತ್ತೋದು ಕಷ್ಟ. ಅಪ್ಪ "ಅದೇನೋ ಮೊದಲು ಹತ್ತೋದು ಇದ್ಯಂತಲ್ಲಪ್ಪ, ಅಮ್ಮಂಗೆ ಅದು ಮಾಡ್ಸು" ಅಂದ್ರು. ನಾನು ಮಾಡಿಸ್ಲಿಲ್ಲ, ಬದಲಿಗೆ ಬುಕ್ ಮಾಡುವಾಗ್ಲೇ ವೀಲ್‌ಚೇರ್ ಕೇಳಿದೆ, ಅದಕ್ಕೆ ನಮ್ಮ ಹತ್ರ ಏನೂ ದುಡ್ಡು ತಗೊಳ್ಳಲಿಲ್ಲ. ಎಂಟ್ರಿ ಬಾಗಿಲಿಂದ ಒಬ್ಬ ಹುಡುಗ ಬಂದು ಸೆಕ್ಯುರಿಟಿ ದಾಟಿಸಿ ಗೇಟಿಗೆ ಕರ್ಕೊಂಡು ಹೋದ, "ಅಜ್ಜಿ ಚಪ್ಲಿ ಸರಿಯಾಗಿ ಹಾಕ್ಕೊಳ್ಳಿ" ಅಂತ ಬಗ್ಗಿ ಕಾಲಿಡೋ ಪ್ಲೇಟ್ ಸರಿ ಮಾಡಿದ. ಅವತ್ತೂ ಬಸ್ ಗೇಟೇ, ಆದ್ರೆ ಅಮ್ಮನ್ನ ಆಂಬುಲಿಫ್ಟ್ ಅಂತ ಒಂದು ಗಾಡೀಲಿ ಕೂರಿಸಿ ನೇರ ವಿಮಾನದ ಬಾಗಿಲ ಎತ್ತರಕ್ಕೆ ಎತ್ತಿ ಒಳಗೆ ಕಳಿಸಿದ್ರು, ನಾವು ಜೊತೆಗೇ ಹೋದ್ವಿ. ಎಲ್ಲರಿಗಿಂತ ಮೊದಲು. ಇಳಿಯುವಾಗ ಮಾತ್ರ ಎಲ್ಲರಿಗಿಂತ ಕೊನೆ, ಅದಕ್ಕೆ ರೆಡಿ ಇರಿ. ಚಿಕ್ಕ ಮಕ್ಕಳಿರೋರು, ಗರ್ಭಿಣಿಯರು ಇವರನ್ನೂ ಸಾಮಾನ್ಯವಾಗಿ ಮೊದಲೇ ಬಿಡ್ತಾರೆ, ಗೇಟಲ್ಲಿರೋ ಸಿಬ್ಬಂದಿ ಹತ್ರ ಹೋಗಿ ಒಂದು ಮಾತು ಕೇಳಿದ್ರೆ ಸಾಕು. ಮನೆಯವರಿಗೆ ತೊಂದರೆ ಇದೆ ಅಂತ ಹೆದರಿ 450 ಕಟ್ಟೋರು ತುಂಬಾ ಜನ, ಅವರಿಗೆ ಇದು ಗೊತ್ತಾಗ್ಲಿ ಅಂತಾನೇ ಇಷ್ಟು ಬರೆದಿದ್ದು. ಆದ್ರೆ ನಡೆಯೋಕೆ ಆಗೋರು ಕ್ಯೂ ತಪ್ಪಿಸೋಕೆ ವೀಲ್‌ಚೇರ್ ತಗೋಬೇಡಿ, ಅವತ್ತು ಕಾಶೀಲಿ ನಿಜವಾಗಿ ಬೇಕಾದ ಒಬ್ಬ ಅಜ್ಜ ಚೇರ್ ಖಾಲಿಯಾಗೋದನ್ನ ಕಾಯ್ತಾ ಗೋಡೆ ಹಿಡ್ಕೊಂಡು ನಿಂತಿದ್ರು.

ಹತ್ತೋದಕ್ಕಿಂತ ಇಳಿಯೋದರಲ್ಲಿ ಟೈಮ್ ಉಳಿಸಬಹುದು ಅನ್ನೋದು ನನ್ನ ಅನುಭವ. ಅದೇ ದುಡ್ಡಲ್ಲಿ ಮುಂದಿನ ನಾಲ್ಕೈದು ಸಾಲಲ್ಲಿ ಸೀಟು ಸಿಕ್ಕಿದ್ರೆ ಅದನ್ನ ತಗೊಳ್ಳಿ, ಏರೋಬ್ರಿಡ್ಜಾದ್ರೆ ಮೊದಲು ಹೊರಗೆ ಬರ್ತೀರಿ. 2022ರ ಆಗಸ್ಟಲ್ಲಿ ಇಂಡಿಗೋದವರು ಮೂರು ಕಡೆಯಿಂದ ಇಳಿಸೋ ವ್ಯವಸ್ಥೆ ಶುರು ಮಾಡಿದ್ರು, ಮುಂದೆ ಎರಡು ರ್‍ಯಾಂಪು ಹಿಂದೆ ಒಂದು. ಅಂಥದ್ದು ಪ್ರತಿಯೊಬ್ಬರಿಗೂ ಉಪಯೋಗ, ಯಾರೂ ಬೇರೆ ದುಡ್ಡು ಕೊಡಬೇಕಾಗಿಲ್ಲ, ನಂಗೆ ಇಷ್ಟ ಆಗೋದು ಈ ಥರ ಕೆಲಸ.

ತಗೊಳ್ಳಲೇಬೇಕು ಅಂದ್ರೆ ಆನ್‌ಲೈನಲ್ಲಿ ಮೊದಲೇ ಕಟ್ಟಬೇಡಿ. ಮುಂಬೈಗೆ ಹೋಗುವಾಗ ನಾನು ಏರ್‌ಪೋರ್ಟ್ ಕೌಂಟರಲ್ಲೇ ತಗೊಂಡೆ, ಅದೇ ರೇಟು. ಕಟ್ಟೋ ಮುಂಚೆ ಆ ಹುಡುಗೀನ "ಏರೋಬ್ರಿಡ್ಜಾಮ್ಮ, ಬಸ್ಸಾ" ಅಂತ ಕೇಳಿದೆ, ಸಿಸ್ಟಮ್ ನೋಡಿ "ಈಗ ಬ್ರಿಡ್ಜ್ ತೋರಿಸ್ತಿದೆ ಸಾರ್, ಚೇಂಜ್ ಆದ್ರೂ ಆಗಬಹುದು" ಅಂದ್ಲು. ನೇರವಾಗಿ ಹೇಳಿದ್ಲು, ಖುಷಿ ಆಯ್ತು. ಆನ್‌ಲೈನ್ ಬಾಕ್ಸಲ್ಲಿ ಆ ಹುಡುಗಿ ಹೇಳಿದ ಅಷ್ಟೇ ಒಂದು ಸಾಲು ಹಾಕಿದ್ರೂ ನಂದು ಏನೂ ತಕರಾರಿಲ್ಲ.

ಮುಂದಿನ ತಿಂಗಳು ಅಕ್ಕಂಗೆ ಪುಣೇಲಿ ಕಛೇರಿ ಇದೆ, ನಾನೂ ಹೋಗ್ತಿದೀನಿ, ವಿಮಾನ ಏ320. ಕೌಂಟರಲ್ಲಿ ಕೇಳಿ, ಬ್ರಿಡ್ಜ್ ಅಂದ್ರೆ ಅಕ್ಕ ಒಬ್ಬಳಿಗೇ 450 ಕಟ್ತೀನಿ. ನನ್ನ ಬ್ಯಾಗು ಸೀಟಿನ ಕೆಳಗೆ ಹೋಗತ್ತೆ, ನಾನು ಕಾಫಿ ಮುಗಿಸಿಕೊಂಡು ಕೊನೇಲಿ ಹತ್ತುತೀನಿ.